ಸ್ವೆಟರಿನ ಹೊಟ್ಟೆ

ಈ ಲೋಕದಲ್ಲಿ ಕಾಲ ಕಳೆದಂತೆ ಎಲ್ಲವೂ ಕುಗ್ಗುತ್ತದೆ ಎಂದು ತಿಳಿದವರು ಗಂಭೀರವಾಗಿ ಹೇಳುತ್ತಾರೆ. ಇರಬಹುದು. ಆದರೆ ಉಣ್ಣೆಯ ಸ್ವೆಟರಿಗೆ ಕಾಲದ ಹಂಗೇನೂ ಇಲ್ಲ. ಒಂದು ಬಕೆಟ್ ಬಿಸಿನೀರು ಸಿಕ್ಕರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿಬಿಡುತ್ತದೆ.

ಇಂದು ಬೆಳಿಗ್ಗೆ ಅಂಟವಾಳಕಾಯಿ ನೆನೆಹಾಕಿದ್ದ ಬೋಗುಣಿಯ ಮುಚ್ಚಳ ತೆಗೆದೆ. ಹುಳಿಯೆನ್ನಲಾಗದ, ಸಿಹಿಯೆನ್ನಲಾಗದ, ಬೆಲ್ಲದ ಡಬ್ಬಿಯಲ್ಲಿ ಒದ್ದೆ ಕಟ್ಟಿಗೆ ಇಟ್ಟಂಥ ಆ ವಾಸನೆ... ಅದರ ಜೊತೆಗೆ, ಹೇಳದೆ ಕೇಳದೆ, ವಿದ್ಯಾನಗರದ ನಮ್ಮ ಪಕ್ಕದ ಮನೆಯ ಅಕ್ಕೋರು ಬಂದು ಕುರ್ಚಿ ಎಳೆದುಕೊಂಡು ಕುಳಿತರು.

ಅಕ್ಕೋರು ಮಿಷನ್ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಓಣಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಅವರ ಯಜಮಾನರು ರೈಲ್ವೆ ವರ್ಕ್‌ಶಾಪಿನಲ್ಲಿದ್ದವರು. ಚರ್ಚಿನ ಹಾಡುಗಾರರಲ್ಲಿ ಎಲ್ಲರಿಗಿಂತ ತಗ್ಗಿನ ದನಿ, ಎಲ್ಲರಿಗಿಂತ ಮುಂದೆ ಬಂದ ಹೊಟ್ಟೆ ಅವರದೇ. ಆ ಹೊಟ್ಟೆ ಕರಗಿಸಲು ಯಜಮಾನರೂ ನಾನೂ ಬೆಳಿಗ್ಗೆ ಉಣಕಲ್ ಕೆರೆಯವರೆಗೆ ನಡೆಯುತ್ತಿದ್ದೆವು, ಬರುವಾಗ ಮಿರ್ಚಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದೆವು. ಚಳಿಗಾಲವಿಡೀ ಅವರ ಮೈಮೇಲೆ ಅಕ್ಕೋರು ಹೆಣೆದ ಇಟ್ಟಿಗೆ ಬಣ್ಣದ ಸ್ವೆಟರ್ ಇರುತ್ತಿತ್ತು. ಅವರು ತೀರಿಕೊಂಡ ಮೇಲೆ ಉಳಿದ ಬಟ್ಟೆಗಳೆಲ್ಲ ಚರ್ಚಿನವರ ಕೈಯಿಂದ ಯಾರ್ಯಾರಿಗೋ ಹೋದವು. ಸ್ವೆಟರ್ ಮಾತ್ರ ಮನೆಯಲ್ಲೇ ಉಳಿಯಿತು.

ಉಣ್ಣೆಯನ್ನು ಸುಮ್ಮನೆ ಟ್ರಂಕಿನಲ್ಲಿಟ್ಟರೆ ಹುಳ ಹಿಡಿಯುತ್ತದೆ. ಹಾಗಾಗಿ ಪ್ರತಿವರ್ಷ ಈಸ್ಟರ್ ಮುಗಿದ ಮೇಲೆ ಅದಕ್ಕೊಂದು ಸ್ನಾನ. ಆ ಸ್ನಾನದ ಮುಖ್ಯ ಸಾಮಗ್ರಿ ಅಂಟವಾಳಕಾಯಿಯಲ್ಲ, ಒಂದು ಬಿಳಿ ಚಾದರ. ಯಜಮಾನರು ಬದುಕಿದ್ದಾಗಲೇ, ಸ್ವೆಟರನ್ನು ಮೊದಲ ಸಲ ಒಗೆಯುವ ಮುಂಚೆ, ಅಕ್ಕೋರು ಅದನ್ನು ಚಾದರದ ಮೇಲೆ ಹರಡಿ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಚಾಚಿದ ಎರಡು ತೋಳು, ಒಂದು ಕುತ್ತಿಗೆ, ಎರಡೂ ಕಡೆ ಉಬ್ಬಿದ ಹೊಟ್ಟೆ. ಒದ್ದೆ ಉಣ್ಣೆ ಹೇಳಿದ ಮಾತು ಕೇಳುತ್ತದೆ. ಹೇಗೆ ಹರಡಿದರೆ ಹಾಗೆ ಒಣಗುತ್ತದೆ. ಒಗೆದ ಸ್ವೆಟರನ್ನು ಆ ಗೆರೆಯೊಳಗೆ ಮಲಗಿಸಿ, ಇಲ್ಲಿ ಎಳೆದು ಅಲ್ಲಿ ತಳ್ಳಿ ಕೂರಿಸಿದರೆ, ಸಂಜೆಯ ಹೊತ್ತಿಗೆ ಯಜಮಾನರು ತಮ್ಮ ಅಳತೆಯಲ್ಲೇ ವಾಪಸು ಬಂದಿರುತ್ತಿದ್ದರು.

ಅಕ್ಕೋರ ಮೊಣಕಾಲು ಕೈಕೊಟ್ಟು ನೆಲದ ಮೇಲೆ ಕೂರುವುದು ಅಸಾಧ್ಯವಾದಾಗ ಈ ಜವಾಬ್ದಾರಿ ನನಗೆ ಬಂತು. ನಾನು ವಿಮಾ ಕಚೇರಿಯಲ್ಲಿ ಇಡೀ ಆಯುಷ್ಯ ಸವೆಸಿದವನು, ಆವರೆಗೆ ನನ್ನ ಕರವಸ್ತ್ರವನ್ನೂ ಒಗೆದವನಲ್ಲ. ನೇಮಕಾತಿಗೆ ನನ್ನ ಹೆಂಡತಿಯ ಆಕ್ಷೇಪಣೆ ಕೂಡಲೇ ದಾಖಲಾಯಿತು.

“ಇವರ ಕೈಯಾಗ ಕೊಡಬ್ಯಾಡ್ರೀ ಅಕ್ಕೋರ. ಚಾದ ಕಪ್ ತೊಳೀರಿ ಅಂದ್ರ ಹಿಡಿಕಿ ಅಷ್ಟ ಕೈಯಾಗ ಉಳೀತೈತಿ.”

“ಇರ್ಲಿ ಬಿಡು ತಂಗಿ. ಏನೂ ಬರದವ್ರಿಗೆ ಕಲಸೂದು ಸಲೀಸು. ಅರ್ಧಾ ಬರೋರದಽ ತ್ರಾಸು.”

ನಮ್ಮ ಮನೆಯ ಮೇಲಿನ ಗಚ್ಚಿಯಲ್ಲಿ, ನೆರಳಿಗೆ ಅವರ ಕುರ್ಚಿ, ಮುಂದೆ ನಾನು, ನಮ್ಮ ನಡುವೆ ಬಕೆಟ್ಟು. ನೀರು ಬೆಚ್ಚಗೂ ಇರಬಾರದು, ತಣ್ಣಗೂ ಇರಬಾರದು. ಕೈ ಅದ್ದಿದರೆ ನೀರಿದೆ ಎಂಬುದೇ ಮರೆಯಬೇಕು. ನಾನು ಉತ್ಸಾಹದಿಂದ ಕಾಲರಿಗೆ ಕೈ ಹಾಕಿದೆ.

“ತಿಕ್ಕಬ್ಯಾಡ್ರೀ ಸಾಹೇಬ್ರ! ಅದೇನು ಸ್ಕೂಟರ್ ಗಾಲಿ ಏನ್ರೀ? ಒತ್ರಿ, ಬಿಡ್ರಿ. ಒತ್ರಿ, ಬಿಡ್ರಿ.”

ಒತ್ತಿದೆ, ಬಿಟ್ಟೆ. ಹೆಗಲು ಹಿಡಿದು ಎತ್ತಲು ಹೋದಾಗ ಮತ್ತೆ ಗದರಿಕೆ. ಎಳೆಗೂಸಿನಂತೆ ಕೆಳಗೆ ಎರಡೂ ಕೈ ಕೊಟ್ಟು ಎತ್ತಬೇಕಂತೆ. ಹಿಂಡುವ ಮಾತೇ ಇಲ್ಲ, ಟವೆಲಿನಲ್ಲಿ ಸುರುಳಿ ಸುತ್ತಿ ಅಂಗೈಯಿಂದ ಅದುಮಬೇಕು. ಕೊನೆಗೆ ಚಾದರದ ಮೇಲೆ ಹರಡುವಾಗ ಅಕ್ಕೋರು ಪ್ರತಿವರ್ಷ ತಪ್ಪದೆ ಹೇಳುತ್ತಿದ್ದ ಒಂದು ಮಾತಿತ್ತು: “ಹೊಟ್ಟಿ ಕಡೆ ಇನ್ನೊಂಚೂರು ಎಳೀರಿ. ಅಷ್ಟು ಸಣ್ಣ ಇರಲಿಲ್ಲ ಅವರು.”

ಹೀಗೇ ಕೆಲವು ವರ್ಷ ನಡೆಯಿತು... ನಡೆಯುತ್ತಲೇ ಇರುತ್ತದೆ ಎಂದುಕೊಂಡಿದ್ದೆವು.

ಒಂದು ವರ್ಷ ಸ್ವೆಟರ್ ಟವೆಲಿನೊಳಗೆ ಸಿದ್ಧವಾಗಿತ್ತು. ಅಕ್ಕೋರು ತೊಡೆಯ ಮೇಲಿದ್ದ ಚಾದರವನ್ನು ನನ್ನ ಕೈಗೆ ಕೊಟ್ಟರು. ಬಿಡಿಸಿದೆ. ಬೆಳ್ಳಗಿತ್ತು. ತಿರುವಿದೆ. ಆ ಕಡೆಯೂ ಬೆಳ್ಳಗೆ, ನೀಲಿ ಹಾಕಿ, ಇಸ್ತ್ರಿ ಮಾಡಿ, ಗೆರೆಯ ಸುಳಿವೇ ಇಲ್ಲದಂತೆ.

“ಯಾರು ಒಗದ್ರೀ ಇದನ್ನ?” ಎಂದಳು ನನ್ನ ಹೆಂಡತಿ.

“ಕೆಲಸದಾಕಿ ಇರಬೇಕು,” ಎಂದರು ಅಕ್ಕೋರು. ಅಲ್ಲಿಗೇ ತಡೆದರು. ಅವರ ಮನೆಗೆ ಕೆಲಸದವಳು ಬರುತ್ತಿರಲಿಲ್ಲ. ಚಾದರದ ಅಂಚನ್ನು ಕೈಗೆ ತೆಗೆದುಕೊಂಡರು. “ನಾನಽ... ಸೋಡಾ ಹಾಕಿ ಕುದಿಸಿದೆ. ಯಾರೋ ಪೆನ್ಸಿಲ್ ಗೀಚ್ಯಾರ ಅಂತ. ಯಾಕ ಗೀಚಿದ್ದು ಅಂತ ನೆನಪಽ ಆಗಲಿಲ್ಲ ನೋಡ್ರಿ.”

ಆ ವರ್ಷ ಅವರು ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದ್ದರು, ನನ್ನನ್ನು ಬೇರೆಯವರ ಹೆಸರಿನಿಂದ ಕರೆದಿದ್ದರು. ಎಲ್ಲದಕ್ಕೂ ನಾವು ಮೂವರೂ ಸೇರಿ ನಕ್ಕಿದ್ದೆವು. ಅಂದು ಯಾರೂ ನಗಲಿಲ್ಲ.

ಒದ್ದೆ ಉಣ್ಣೆಗೆ ನಮ್ಮ ದುಃಖ ತಿಳಿಯುವುದಿಲ್ಲ, ಅದಕ್ಕೆ ಅಳತೆ ಬೇಕು. ನನ್ನ ಹೆಂಡತಿ ಪೆನ್ಸಿಲ್ ತಂದಳು. “ಏನ್ರೀ, ನೀವಽ ಮಲಕೋರಿ ಇದರ ಮ್ಯಾಲೆ.”

ಮಲಗಿದೆ. ಕೈ ಚಾಚಿ, ಕಣ್ಣು ಆಕಾಶಕ್ಕೆ ಕೊಟ್ಟು. ಹತ್ತಿಯಂಥ ಮೋಡವೊಂದು ಧಾರವಾಡದ ಕಡೆಗೆ ಯಾವ ಅವಸರವೂ ಇಲ್ಲದೆ ಸಾಗಿತ್ತು. ಪೆನ್ಸಿಲ್ ಕಂಕುಳ ಬಳಿ ಹಾದುಹೋದಾಗ ಕಚಗುಳಿಯಾಯಿತು. ಸತ್ತ ಗೆಳೆಯನ ಜಾಗದಲ್ಲಿ ಮಲಗಿದ್ದೇನೆ ಎಂದು ಒಮ್ಮೆ ಅನಿಸಿತು, ಹಿತವಾಗಿಯೇ ಇತ್ತು...

“ಇದು ಉಪವಾಸ ಇದ್ದವರ ಅಳತಿ ಆತು,” ಎಂದರು ಕುರ್ಚಿಯಿಂದ ಅಕ್ಕೋರು.

ತೋಳು, ಹೆಗಲು ಸರಿಯಾದವು. ತಕರಾರು ಹೊಟ್ಟೆಯದು. ಕೆರೆಯ ದಾರಿಯ ಸಾಕ್ಷಿಯಾಗಿ ನಾನು ಒಂದು ಅಳತೆ ಹೇಳಿದೆ, ಹೆಂಡತಿ ಇನ್ನೊಂದು ಹೇಳಿದಳು. ಅಕ್ಕೋರು ಕಣ್ಣು ಮುಚ್ಚಿ ಎರಡೂ ಕೈ ಮುಂದೆ ಚಾಚಿ, ಅಲ್ಲಿಲ್ಲದ ಯಾರನ್ನೋ ಬಳಸಿ ಹಿಡಿದರು. ಆಚೆ ಬದಿಯಲ್ಲಿ ಬೆರಳ ತುದಿಗಳು ಒಂದಕ್ಕೊಂದು ಮುಟ್ಟಲಿಲ್ಲ.

“ಇಷ್ಟು,” ಎಂದರು. “ನಾಕು ಬಟ್ಟು ಕಡಿಮಿ ಬೀಳತಿತ್ತು. ಯಾವಾಗ್ಲೂ.”

ನನ್ನ ಹೆಂಡತಿ ಆ ಕೈಗಳ ಒಳಸುತ್ತಿಗೆ ದಾರ ಹಿಡಿದಳು, ನಾಲ್ಕು ಬೆರಳು ಸೇರಿಸಿದಳು, ಅರ್ಧ ಮಡಚಿ ಚಾದರದ ಮೇಲಿಟ್ಟಳು. ಹಳೆಯ ಗೆರೆಗಿಂತ ಹೊಟ್ಟೆ ಕೊಂಚ ಹೆಚ್ಚೇ ಬಂತೆಂದು ನನ್ನ ಅನುಮಾನ. ಸ್ವೆಟರ್ ಒಣಗಿದ ಮೇಲೆ ಆ ಗೆರೆಯ ಗುಂಟ ಅವಳು ಕೆಂಪು ದಾರದಿಂದ ಹೊಲಿಗೆ ಹಾಕಿದಳು, ಇನ್ನು ಯಾರು ಸೋಡಾ ಹಾಕಿ ಕುದಿಸಿದರೂ ಹೋಗದ ಹಾಗೆ.

ಕೆಂಪು ದಾರ ಉಳಿಯಿತು. ಉಳಿದದ್ದೆಲ್ಲ ಅಕ್ಕೋರಿಂದ ಒಂದೊಂದಾಗಿ ಹೋಯಿತು. ಕಳೆದ ವರ್ಷ ಕುರ್ಚಿಯಲ್ಲಿ ಕೂರಿಸಿದಾಗ ಚಾದರದ ಮೇಲಿನ ಸ್ವೆಟರ್ ನೋಡಿ, “ಯಾರದ್ರೀ ಇದು?” ಎಂದು ಕೇಳಿದರು. ಹೆಂಡತಿ ಮುಖ ತಿರುಗಿಸಿದಳು. “ನನ್ನ ವಾಕಿಂಗ್ ಗೆಳೆಯಾಂದ್ರಿ,” ಎಂದೆ. ಅಕ್ಕೋರು ತಲೆಯಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ, ಮಕ್ಕಳ ಉತ್ತರ ತಿದ್ದುವ ದನಿಯಲ್ಲಿ, “ಹೊಟ್ಟಿ ಸಣ್ಣ ಮಾಡೀರಿ,” ಎಂದರು.

ಕ್ರಿಸ್ಮಸ್ಸಿಗೆ ಮುಂಚೆಯೇ ಅವರು ಹೋದರು. ಮನೆ ಖಾಲಿ ಮಾಡಲು ಬಂದ ಅವರ ತಂಗಿಯ ಮಗಳು ಸ್ವೆಟರನ್ನೂ ಚಾದರವನ್ನೂ ನಮಗೆ ಕೊಟ್ಟು ಹೋದಳು.

ಇಂದು ಒತ್ತಿದೆ, ಬಿಟ್ಟೆ. ಕೂಸಿನಂತೆ ಎತ್ತಿದೆ, ಹರಡುವಾಗ ಹೊಟ್ಟೆಯ ಕಡೆ ಇನ್ನೊಂಚೂರು ಎಳೆದೆ. ಯಾಕೋ ಕುರ್ಚಿಯನ್ನೂ ಗಚ್ಚಿಗೆ ತಂದಿಟ್ಟಿದ್ದೆ. ಗದರುವವರಿಲ್ಲದೆ ಕೆಲಸ ಲಗುಬಗೆಯಿಂದ ಮುಗಿಯಿತು. ಅದು ನನಗೆ ಸೇರಲಿಲ್ಲ.

ಸಂಜೆಯ ಹೊತ್ತಿಗೆ ಸ್ವೆಟರ್ ಒಣಗಿತು. ಹೊಟ್ಟೆ ಕೆಂಪು ಗೆರೆಯಿಂದ ಒಂದು ಬೆರಳು ಹೊರಗಿದೆ.