ಐದನೆಯ ಜಾಗದ ಗುಂಡುಕಲ್ಲು

ಎರಡು ಶನಿವಾರಗಳ ಹಿಂದೆ ನಮ್ಮ ಬನಶಂಕರಿಯಲ್ಲಿ ಒಂದು ಕಲ್ಲನ್ನು ಕ್ಯೂನಿಂದ ಹೊರಗೆ ಹಾಕಿದರು. ಅದು ಮಾಡಿದ ತಪ್ಪೇನು? ಖುದ್ದಾಗಿ ಬಂದಿರಲಿಲ್ಲವಂತೆ.

ನಗಬೇಡಿ. ಸೀಮೆಎಣ್ಣೆ ಡಿಪೋ ಮುಂದೆ ಕಾದವರಿಗೆ ಇದು ಗೊತ್ತು. ಲೋಡ್ ಬರುವ ದಿನ ನಸುಕಿನಲ್ಲೇ ಹೋಗಿ ಸಾಲಿನಲ್ಲಿ ನಿಮ್ಮದೊಂದು ಕಲ್ಲಿಟ್ಟು ಬರಬೇಕು. ಆಮೇಲೆ ಹಾಲು ತನ್ನಿ, ನೀರು ಹಿಡಿಯಿರಿ, ಮಗಳಿಗೆ ಜಡೆ ಹಾಕಿ. ಬಾಗಿಲು ತೆರೆಯುವ ಹೊತ್ತಿಗೆ ಬಂದು ಕಲ್ಲು ಎತ್ತಿಟ್ಟು ಆ ಜಾಗದಲ್ಲಿ ನೀವು ನಿಂತರಾಯಿತು. (ಮೊದಲು ಡಬ್ಬ ಇಡುತ್ತಿದ್ದೆವು. ಡಬ್ಬಗಳಿಗೆ ಕಾಲು ಬಂತು. ಕಲ್ಲನ್ನು ಯಾರು ಕದಿಯುತ್ತಾರೆ?)

ಈ ರೂಲ್ ಯಾರು ಮಾಡಿದ್ದು? ಯಾರೂ ಅಲ್ಲ. ಯಾರು ಮುರಿಯುತ್ತಾರೆ? ಯಾರೂ ಇಲ್ಲ. ಒಮ್ಮೆ ನಾನೇ ಜಾಣತನ ಮಾಡಿ ಎರಡು ಕಲ್ಲಿಟ್ಟಿದ್ದೆ. ತಲೆ ಮೇಲೆ ಸ್ಟೀಲ್ ಪಾತ್ರೆ ಬುಟ್ಟಿ ಹೊತ್ತು, ಹಳೇ ಸೀರೆಗೆ ಪಾತ್ರೆ ಕೊಡುತ್ತಾ ಜಯನಗರದ ಬೀದಿ ಬೀದಿ ಸುತ್ತಿದವಳು ನಾನು. ಇವತ್ತು ಸ್ವಂತ ಅಂಗಡಿ ಇದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಆದರೆ ಅವತ್ತು ಕ್ಯೂನಲ್ಲಿದ್ದ ಒಬ್ಬ ಅಜ್ಜಿ ಮಾತೂ ಆಡದೆ ನನ್ನ ಎರಡನೇ ಕಲ್ಲನ್ನು ಎತ್ತಿ ನನ್ನ ಕೈಗೇ ಕೊಟ್ಟಳು. ಅಷ್ಟೇ. ಪೊಲೀಸ್ ಇಲ್ಲ, ಫೈನ್ ಇಲ್ಲ. ಇವತ್ತಿಗೂ ಆ ಅಜ್ಜಿ ಕಂಡರೆ ನಾನು ಆಚೆ ಫುಟ್‌ಪಾತಿಗೆ ಹೋಗುತ್ತೇನೆ.

ಈಗ ಆ ಶನಿವಾರಕ್ಕೆ ಬನ್ನಿ. ನಮ್ಮ ಬಡಾವಣೆಗೆ ಹೊಸದಾಗಿ ಬಂದಿರುವ ವೆಂಕಟಾಚಲಯ್ಯನವರು ಬೆಳಗಿನ ಐದೂವರೆಗೇ ಬಂದು ನಿಂತಿದ್ದರು. ಯಾವುದೋ ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿ ರಿಟೈರಾದವರು. ಅವರ ಮುಂದೆ ಒಬ್ಬ ಮನುಷ್ಯನೂ ಇಲ್ಲ. ಹದಿನಾಲ್ಕು ಕಲ್ಲು!

ಎಂಟು ಗಂಟೆಯವರೆಗೆ ತಡೆದುಕೊಂಡರು. ಆಮೇಲೆ ಡಿಪೋ ಗೋಡೆಯ ಬೋರ್ಡಿಗೆ ಬೆರಳು ತೋರಿಸಿ ಜೋರಾಗಿ ಓದಿದರು. "ಗ್ರಾಹಕರು ಖುದ್ದಾಗಿ ಸರತಿಯಲ್ಲಿ ನಿಲ್ಲತಕ್ಕದ್ದು. ಡಬ್ಬ, ಕಲ್ಲು ಇತ್ಯಾದಿಗಳನ್ನು ಇಡತಕ್ಕದ್ದಲ್ಲ!"

ನಾನು ಅವರಿಗಿಂತ ಮೂರು ಜಾಗ ಹಿಂದೆ ಇದ್ದೆ. "ಬಿಡಿ ಸಾರ್, ಇಲ್ಲಿ ಹೀಗೇ ನಡ್ಕೊಂಡು ಬಂದಿದೆ" ಅಂದೆ.

"ಎರಡೂವರೆ ಗಂಟೆಯಿಂದ ನಿಂತಿದ್ದೀನಮ್ಮ. ನನಗೆ ಮಂಡಿನೋವು. ಈ ಕಲ್ಲಿಗೆ ಮಂಡಿನೋವಾ?"

ಅವರು ಮುಂದೆ ಹೋಗಿ ಒಂದೊಂದೇ ಕಲ್ಲನ್ನು ಕಾಲಲ್ಲಿ ನೂಕತೊಡಗಿದರು. ಮರದ ಕೆಳಗೆ ಕೂತವರು, ಪಕ್ಕದ ಮನೆಗಳವರು, ಎಲ್ಲ ಓಡಿಬಂದು ತಮ್ಮ ತಮ್ಮ ಜಾಗದಲ್ಲಿ ನಿಂತರು. ಬರದೇ ಇದ್ದದ್ದು ಒಬ್ಬಳೇ. ಐದನೆಯ ಜಾಗದ ರತ್ನಮ್ಮ.

ರತ್ನಮ್ಮನ ಕಲ್ಲು ಊರಿಗೆಲ್ಲ ಗೊತ್ತು. ಅದು ಬೀದಿಯ ಕಲ್ಲಲ್ಲ, ಒರಳಿನ ಗುಂಡುಕಲ್ಲು. ಅವಳ ಅತ್ತೆ ಇಡ್ಲಿ ಹಿಟ್ಟು ರುಬ್ಬಿ ರುಬ್ಬಿ ಸವೆಸಿದ್ದು. ಹೊಸ ಒರಳು ತಂದ ಮೇಲೆ ಹಳೇ ಗುಂಡನ್ನು ಕ್ಯೂಗೆ ಇಟ್ಟಳು. ಕೋಣನಕುಂಟೆಯಿಂದ ಬಂದು ಬಸ್ ಸ್ಟಾಪ್ ಹತ್ತಿರ ಸ್ಟೌ ಹಚ್ಚಿ ಕೂರುವ ಹೆಂಗಸು. ವ್ಯಾಪಾರವೆಲ್ಲ ಆರರಿಂದ ಎಂಟೂವರೆಗೆ. ಅವಳು ಕ್ಯೂನಲ್ಲಿ ನಿಂತರೆ ಇಡ್ಲಿ ಇಲ್ಲ, ಇಡ್ಲಿ ಹತ್ತಿರ ಕೂತರೆ ಸೀಮೆಎಣ್ಣೆ ಇಲ್ಲ. ಸೀಮೆಎಣ್ಣೆ ಇಲ್ಲದಿದ್ದರೆ ಮುಂದಿನ ಲೋಡಿನ ತನಕ ಒಲೆಯೇ ಇಲ್ಲ.

ಗುಂಡುಕಲ್ಲು ನೋಡನೋಡುತ್ತಿದ್ದಂತೆ ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತು. ಸಾಲು ಕೂಡಿಕೊಂಡಿತು. ಐದನೆಯ ಜಾಗ ಮಾಯ.

ಎಂಟೂ ಮುಕ್ಕಾಲಿಗೆ ಡಬ್ಬ ಹಿಡಿದು ಬಂದಳು ರತ್ನಮ್ಮ. ಸೆರಗಲ್ಲಿ ಕೈ ಒರೆಸಿಕೊಳ್ಳುತ್ತಾ ನೆಲ ನೋಡಿದಳು. "ನನ್ ಕಲ್ಲೆಲ್ಲಿ?"

"ಏನಮ್ಮಾ, ಬೋರ್ಡ್ ಓದಕ್ಕೆ ಬರಲ್ವಾ?" ಅಂದರು ವೆಂಕಟಾಚಲಯ್ಯ.

"ಬರಾಕಿಲ್ಲ ಸಾಮಿ. ಓದಾಕ್ ಬಂದಿದ್ರೆ ನಿಮ್ ಥರ ಆಫೀಸಲ್ಲಿ ಕೂತಿರ್ತಿದ್ದೆ."

ಕ್ಯೂ ನಕ್ಕಿತು. ರತ್ನಮ್ಮ ನಗಲಿಲ್ಲ. ಚರಂಡಿಯಲ್ಲಿ ತನ್ನ ಕಲ್ಲು ಕಂಡಿತ್ತು. "ಅನ್ನ ಕೊಟ್ಟ ಕಲ್ಲು ಸಾಮಿ ಅದು" ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ವೆಂಕಟಾಚಲಯ್ಯನವರ ಮುಖ ಸ್ವಲ್ಪ ಇಳಿಯಿತು. ಆದರೂ ಬಿಡಲಿಲ್ಲ. "ರೂಲ್ ಅಂದ್ರೆ ರೂಲ್. ಲೈನ್ ಕೊನೇಲಿ ನಿಂತ್ಕೋ."

ನನಗೆ ರೇಗಿತು. ಆದರೆ ಚೌಕಾಸಿಯಲ್ಲಿ ಒಂದು ಪಾಠವಿದೆ, ಬರೆದಿಟ್ಟುಕೊಳ್ಳಿ. ಎದುರಿನವನ ಮಾತನ್ನು ಮೊದಲು ಒಪ್ಪಿಕೊಂಡುಬಿಡಬೇಕು.

"ಒಪ್ಪಿದೆ ಸಾರ್, ರೂಲ್ ಅಂದ್ರೆ ರೂಲ್. ಆದ್ರೆ ನೀವು ಓದಿದ್ದು ಎರಡನೇ ಸಾಲು. ಮೊದಲನೇದು ಓದಿ."

ಕನ್ನಡಕ ಸರಿಮಾಡಿಕೊಂಡು ಓದಿದರು. "ಡಿಪೋ ಬೆಳಿಗ್ಗೆ ಏಳು ಗಂಟೆಗೆ... ತೆರೆಯತಕ್ಕದ್ದು."

"ನಿಮ್ಮ ವಾಚಲ್ಲಿ ಈಗ ಟೈಮ್ ಎಷ್ಟು ಸಾರ್?"

ಅವರು ವಾಚ್ ನೋಡಿದರು. ಬಾಗಿಲ ಬೀಗ ನೋಡಿದರು.

ನಾನು ಬಿಡುತ್ತೇನೆಯೇ? "ಏಳಕ್ಕೆ ತೆಗೆದಿದ್ರೆ ಯಾರು ಸಾರ್ ಕಲ್ಲಿಡ್ತಿದ್ರು? ನಿಮ್ಮ ಮಂಡಿಗೂ ನೋವಿರ್ತಿರ್ಲಿಲ್ಲ. ಬೋರ್ಡ್ ಬರೆಸಿದ ಮ್ಯಾನೇಜರಿಗೇ ಇಲ್ಲದ ಖುದ್ದು ಈ ಯಮ್ಮನಿಗೆ ಯಾಕೆ?"

"ಹಾಗಂತ... ನಾನು ನಿಂತಿದ್ದು ಸುಳ್ಳಾ ಅಮ್ಮಾ?"

"ನೀವು ನಿಂತಿದ್ದೂ ನಿಜ, ಅವಳು ಕಲ್ಲಿಟ್ಟಿದ್ದೂ ನಿಜ. ಗುಂಡುಕಲ್ಲು ಎಲ್ಲಿತ್ತು, ನೋಡಿದೋರು ಹೇಳ್ರಪ್ಪಾ!"

"ಐದನೇದು" ಅಂತ ಏಳೆಂಟು ದನಿ. ಆಗ ಐದನೆಯ ಜಾಗದಲ್ಲಿ ನಿಂತಿದ್ದ ಬಸ್ ಕಂಡಕ್ಟರ್ (ದಿನಾ ರತ್ನಮ್ಮನ ಹತ್ತಿರ ಇಡ್ಲಿ ತಿನ್ನುವವನು) "ಬಾ ಅಕ್ಕ, ಚಟ್ನಿ ಮಾತ್ರ ಜಾಸ್ತಿ ಹಾಕ್ಬೇಕು ನೋಡು" ಅಂತ ಒಂದು ಹೆಜ್ಜೆ ಹಿಂದೆ ಸರಿದ. ಅವನ ಹಿಂದಿನವರು ಸರಿದರು. ಅವರ ಹಿಂದಿನವರೂ. ಆ ಹೆಜ್ಜೆ ವೆಂಕಟಾಚಲಯ್ಯನವರ ತನಕ ಬಂದು ನಿಂತಿತು. ಮುಂದಿನವರ ಬೆನ್ನು ಅವರ ಎದೆಗೆ ತಾಗಿತು. ಅವರು ಅಲ್ಲಾಡಲಿಲ್ಲ. ಎಲ್ಲರೂ ಅವರ ಕಾಲನ್ನೇ ನೋಡುತ್ತಿದ್ದೆವು.

ಅರ್ಧ ಹೆಜ್ಜೆ. ಆಮೇಲೆ ಇನ್ನರ್ಧ.

ರತ್ನಮ್ಮನ ಡಬ್ಬ ತುಂಬಿತು. ನನ್ನ ಸರದಿ ಬರುವ ಹೊತ್ತಿಗೆ ಡ್ರಮ್ ಖಾಲಿ! ಆ ಒಂದು ಹೆಜ್ಜೆ ಹಿಂದೆ ಹೋಗದಿದ್ದರೆ ಕೊನೆಯ ಡಬ್ಬ ನನ್ನದಾಗುತ್ತಿತ್ತು. ವಾರವಿಡೀ ಹೊಟ್ಟಿನ ಒಲೆಯಲ್ಲಿ ಅಡುಗೆ ಮಾಡಿದೆ. ಮರದ ಹೊಟ್ಟಿನ ಹೊಗೆಗೆ ಕಣ್ಣೀರು ಸುರಿಯುತ್ತಿತ್ತು. "ಊರಿನ ಲಾಯರಮ್ಮ, ಕೇಸ್ ಗೆದ್ದು ಒಲೆ ಸೋತಳು" ಅಂತ ಯಜಮಾನರು ರೇಗಿಸಿದರು. ರೇಗಿಸಲಿ. ಕಣ್ಣೀರು ಹೊಗೆಯದು ಮಾತ್ರ, ಪಶ್ಚಾತ್ತಾಪದ್ದಲ್ಲ.

"ರೂಲ್ಸ್ ಮುರೀರಿ ಅಂತ ಹೇಳ್ಕೊಡ್ತೀರಾ?" ಅಂತ ನಿಮ್ಮಲ್ಲಿ ಕೆಲವರು ಪತ್ರ ಬರೆಯುತ್ತೀರಿ, ಗೊತ್ತು. ಹೌದು, ಹೇಳಿಕೊಡುತ್ತೇನೆ. ಆದರೆ ಮುರಿಯುವ ಮುಂಚೆ ಒಮ್ಮೆ ಹಿಂದೆ ತಿರುಗಿ ನೋಡಿ. ನೀವು ಮುರಿದಿದ್ದಕ್ಕೆ ಹಿಂದೆ ಸರಿಯಬೇಕಾದವರು ಯಾರು? ಬರೀ ಬೇರೆಯವರಾದರೆ ಅದು ಧೈರ್ಯವಲ್ಲ, ನಾನು ಎರಡನೇ ಕಲ್ಲಿಟ್ಟಿದ್ದೆನಲ್ಲ, ಆ ಕಳ್ಳಬುದ್ಧಿ. ನೀವೂ ಒಂದು ಹೆಜ್ಜೆ ಹಿಂದೆ ಹೋಗಲು ತಯಾರಿದ್ದರೆ ಧಾರಾಳವಾಗಿ ಮುರಿಯಿರಿ. ಇನ್ನು ಪಾಲಿಸುವುದೋ? ಗೋಡೆ ಮೇಲಿನ ಅಕ್ಷರಕ್ಕೆ ನಾವು ಯಾವತ್ತೂ ಹೆದರಿದವರಲ್ಲ. ನಾಳೆ ಮತ್ತೆ ಮುಖ ನೋಡಬೇಕಾದ ಅಜ್ಜಿಗೆ ಹೆದರುತ್ತೇವೆ. ಅದರಲ್ಲಿ ತಪ್ಪೇನಿದೆ?

ಮೊನ್ನೆ ಶನಿವಾರ ಮತ್ತೆ ಲೋಡ್ ಬಂತು. ಗುಂಡುಕಲ್ಲು ತೊಳೆಸಿಕೊಂಡು ತನ್ನ ಸಾಲಿಗೆ ಬಂದಿತ್ತು. ವೆಂಕಟಾಚಲಯ್ಯನವರೂ ಬಂದಿದ್ದರು. ಕಂಕುಳಲ್ಲಿ ಮನೆ ಕಟ್ಟುವ ಸೈಜುಗಲ್ಲಿನ ಒಂದು ದಪ್ಪ ತುಂಡು. ಸಾಲಿನಲ್ಲಿ ಇಡುತ್ತಾರೆ ಅಂದುಕೊಂಡೆ. ಇಡಲಿಲ್ಲ. ವಾಚ್ ನೋಡುತ್ತಾ ಕಾದರು. ಸರಿಯಾಗಿ ಏಳಕ್ಕೆ, ಬೀಗ ಹಾಕಿದ ಬಾಗಿಲಿನ ಎದುರು, ಮ್ಯಾನೇಜರ್ ನಿಲ್ಲುವ ಜಾಗದಲ್ಲಿ ಇಟ್ಟು ಬಂದರು.

ಒಂಬತ್ತಕ್ಕೆ ಮ್ಯಾನೇಜರ್ ಸ್ಕೂಟರ್ ಇಳಿದ. "ಯಾರ್ರೀ ಅದು, ಇಲ್ಲಿ ಕಲ್ಲಿಟ್ಟೋರು?"

ಐದನೆಯ ಜಾಗದಿಂದ ಉತ್ತರ ಬಂತು: "ಅದು ನಿಮ್ದೇ ಸಾಮಿ, ಏಳು ಗಂಟೆಯಿಂದ ಕಾಯ್ತಾ ನಿಂತೈತೆ!"