ದಾನೇಶ್ವರಿ ಸೋಲುವ ರೀತಿ

ದಾನೇಶ್ವರಿ ಕೆಲಸ ಕೇಳಿಕೊಂಡು ಬಂದ ದಿನ ಸೊಣ್ಣಪ್ಪ ಅವಳನ್ನು ಮಾಲು ನೋಡುವ ಹಾಗೆಯೇ ನೋಡಿದ. ಚಪ್ಪಲಿ ಸವೆದಿದೆ, ಆದರೆ ಎರಡೂ ಸಮನಾಗಿ ಸವೆದಿವೆ, ಕಾಲೆಳೆದು ನಡೆಯುವವಳಲ್ಲ. ಚೀಲದ ಜಿಪ್ಪು ಕಿತ್ತ ಕಡೆ ಕೈಹೊಲಿಗೆ ಬಿದ್ದಿದೆ, ವಸ್ತು ಹಾಳುಮಾಡುವವಳಲ್ಲ. ಕೊಪ್ಪಳದ ಕಡೆಯವಳು, ಬಿ.ಎ. ಮುಗಿಸಿದ್ದಾಳೆ. ಗಂಡ ಪೀಣ್ಯದಲ್ಲೇ ಲೇತ್ ಕೆಲಸಗಾರ, ರಾಜಗೋಪಾಲನಗರದಲ್ಲಿ ಬಾಡಿಗೆ ರೂಮು. ಸಂಬಳ ಇಷ್ಟು ಅಂದಾಗ 'ಆಗ್ಲಿರಿ' ಅಂದಳೇ ಹೊರತು ಚೌಕಾಸಿ ಮಾಡಲಿಲ್ಲ. ಸೊಣ್ಣಪ್ಪನಿಗೆ ಹಿಡಿಸದೇ ಹೋದದ್ದು ಅದೊಂದೇ. ಚೌಕಾಸಿ ಮಾಡದವರು ಒಂದೋ ಪೆದ್ದರು, ಇಲ್ಲವೇ ಒಳಗೊಳಗೇ ಬೇರೆ ಲೆಕ್ಕ ಹಾಕಿದವರು. ಇವಳು ಪೆದ್ದಿಯಂತೂ ಕಾಣಲಿಲ್ಲ.

ಸೊಣ್ಣಪ್ಪನದು ಪೀಣ್ಯದ ಕಾರ್ಖಾನೆಗಳ ನಡುವೆ ನಟ್ಟು, ಬೋಲ್ಟು, ಬೇರಿಂಗು ಮಾರುವ ಅಂಗಡಿ. ಅವನ ತಾತ ರಾಗಿ ಬೆಳೆದ ನೆಲದ ಮೇಲೆಯೇ ಅದು ನಿಂತಿತ್ತು. ದಾನೇಶ್ವರಿ ಕೆಲಸಕ್ಕೆ ಸೇರಿ ಕೆಲವು ತಿಂಗಳಾಗುವಷ್ಟರಲ್ಲಿ ಅವನ ಮೊಣಕಾಲು ಕೈಕೊಟ್ಟು, ಆಪರೇಷನ್ ಆಗಲೇಬೇಕು, ತಿಂಗಳು ಪೂರ್ತಿ ಮನೆಯಲ್ಲೇ ಮಲಗಬೇಕು ಎಂದು ಡಾಕ್ಟರು ಹೇಳಿಯಾಗಿತ್ತು. ಅಷ್ಟು ದಿನ ಶಟರ್ ಎಳೆದರೆ ಗಿರಾಕಿ ಬೇರೆ ಅಂಗಡಿಯ ದಾರಿ ಕಲಿಯುತ್ತಾನೆ, ಕಲಿತದ್ದನ್ನು ಮರೆಯುವುದಿಲ್ಲ. ಶಟರ್ ಎತ್ತಿಡಬೇಕೆಂದರೆ ಬೀಗದಕೈ ದಾನೇಶ್ವರಿಯ ಕೈಗೆ ಹೋಗಬೇಕು. ಕೊಡಬಹುದೇ, ಕೊಡಬಾರದೇ? ಸೊಣ್ಣಪ್ಪನಿಗೆ ಊಟ ರುಚಿಸದಂತೆ ಮಾಡಿದ್ದು ಈ ಪ್ರಶ್ನೆ.

ಮಧ್ಯಾಹ್ನ ಡಬ್ಬಿ ಊಟ ಮುಗಿದ ಮೇಲೆ ಆ ಅಂಗಡಿಯಲ್ಲೊಂದು ಆಟ ನಡೆಯುತ್ತಿತ್ತು. ಪಕ್ಕದ ಬೆಲ್ಟ್ ಅಂಗಡಿಯ ಹನುಮಂತಯ್ಯ ಮೂರು ಇಂಗ್ಲಿಷ್ ಅಕ್ಷರ ಕೂಗುತ್ತಿದ್ದ. ಆ ಮೂರೂ ಇರುವ ಇಂಗ್ಲಿಷ್ ಪದ ಹುಡುಕಬೇಕು, ಉದ್ದ ಪದ ಹೇಳಿದವರು ಗೆದ್ದ ಹಾಗೆ. ಒಮ್ಮೆ ಹನುಮಂತಯ್ಯನೇ ಮೊಬೈಲಿನಲ್ಲಿ ಅಕ್ಷರ ಒತ್ತಿ ಪದ ತೆಗೆದು ಸಿಕ್ಕಿಬಿದ್ದ. ಅಂದಿನಿಂದ ಮೊಬೈಲುಗಳೆಲ್ಲ ತೂಕದ ಯಂತ್ರದ ಮೇಲೆ ಬೋರಲು ಮಲಗಬೇಕು. ಅಷ್ಟೇ ಅಲ್ಲ, ಹೇಳಿದ ಪದ ಅಂಗಡಿಯ ಡಬ್ಬದ ಮೇಲೋ ಬೀದಿಯ ಬೋರ್ಡಿನ ಮೇಲೋ ಅಚ್ಚಾಗಿರುವುದನ್ನು ತೋರಿಸಬೇಕು. ಮಾಲು ತೋರಿಸದೆ ವ್ಯಾಪಾರವಿಲ್ಲ, ಪದ ತೋರಿಸದೆ ಗೆಲುವಿಲ್ಲ.

ದಾನೇಶ್ವರಿ ಆಟಕ್ಕೆ ಸೇರಿದ ಮೊದಮೊದಲು ಚೆನ್ನಾಗಿಯೇ ಗೆದ್ದಳು. ಆಮೇಲೆ ಯಾಕೋ ಸೊಣ್ಣಪ್ಪನೇ ಗೆಲ್ಲತೊಡಗಿದ. ಬೇರೆ ಯಾರಾದರೂ ಆಗಿದ್ದರೆ ಮೀಸೆ ತಿರುವುತ್ತಿದ್ದರು. ಸೊಣ್ಣಪ್ಪ ಹುಬ್ಬು ಗಂಟಿಕ್ಕಿದ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನ ಪತ್ರಿಕೆಯೇ ಅವನನ್ನು ಎರಡು ಸಲ ಕೆಡವಿತ್ತು. ಬಿ.ಎ. ಓದಿದವಳು ತನ್ನೆದುರು ದಿನಾ ಸೋಲುತ್ತಾಳೆಂದರೆ ಅದು ಪುಕ್ಕಟೆ ಮಾಲು. ಪುಕ್ಕಟೆ ಕೊಡುವವನು ಮುಂದೆ ಏನನ್ನೋ ಕೇಳುತ್ತಾನೆ ಎಂಬುದು ಅಂಗಡಿಯಲ್ಲಿ ಕೂತು ಕಲಿತ ಪಾಠ.

"ನಿಂಗೆ ಅದೃಷ್ಟ ಕಣಯ್ಯ," ಎಂದ ಹನುಮಂತಯ್ಯ.

"ಅದೃಷ್ಟ ಇದ್ದಿದ್ರೆ ನಿನ್ ಪಕ್ಕ ಯಾಕೆ ಅಂಗಡಿ ಸಿಕ್ತಿತ್ತು?" ಎಂದ ಸೊಣ್ಣಪ್ಪ. ಅವನ ಕಣ್ಣು ಮಾತ್ರ ದಾನೇಶ್ವರಿಯ ಮೇಲಿತ್ತು.

ಪರೀಕ್ಷೆ ಮಾಡಿಯೇ ಬಿಡೋಣವೆಂದು ಅವನೊಂದು ಬಲೆ ಹೆಣೆದ. ಬೆಳಿಗ್ಗೆ ಬಂದ ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಮೆಕ್ಯಾನಿಕಲ್' ಎಂದಿತ್ತು. ಅದನ್ನು ಅವಳ ಕೈಯಲ್ಲೇ ಎತ್ತಿಸಿ, ಅವಳು ಕೂರುವ ಜಾಗಕ್ಕೆ ನೇರ ಎದುರಿಗೆ ಇಡಿಸಿದ. ಮಧ್ಯಾಹ್ನ ಹನುಮಂತಯ್ಯನ ಬಾಯಿಗೆ ತಾನೇ ಅಕ್ಷರ ತುರುಕಿದ: ಸಿ, ಎಚ್, ಎನ್. ಮೂರೂ ಆ ಪೆಟ್ಟಿಗೆಯ ಮೇಲಿನ ಉದ್ದ ಪದದಲ್ಲೇ ಇದ್ದವು.

ಹನುಮಂತಯ್ಯ ತಲೆ ಕೆರೆದು ಕೈಚೆಲ್ಲಿದ. ಸೊಣ್ಣಪ್ಪ 'ಮಷೀನ್' ಎಂದು ಡ್ರಿಲ್ಲಿನ ಡಬ್ಬ ತೋರಿಸಿದ. ದಾನೇಶ್ವರಿಯ ಕಣ್ಣು ಎದುರಿನ ಪೆಟ್ಟಿಗೆಯ ಮೇಲೆ ಎಡದಿಂದ ಬಲಕ್ಕೆ ಒಮ್ಮೆ ಓಡಿತು. ತುಟಿ ಅಲುಗಿತು. ಆಮೇಲೆ ಅವಳು ನಿಟ್ಟುಸಿರು ಬಿಟ್ಟು, "ಚೈನ್ ರೀ," ಎಂದಳು.

ಸೊಣ್ಣಪ್ಪ ಗೆದ್ದ. ಅವನ ಅನುಮಾನವೂ ನಿಜವಾಯಿತು.

ಹನುಮಂತಯ್ಯ ಎದ್ದುಹೋದ ಮೇಲೆ ಅವನು ಕೇಳಿದ: "ಏನವ್ವಾ, ಆ ಪೆಟ್ಟಿಗೆ ಮ್ಯಾಗೆ ಏನ್ ಬರ್ದೈತೆ?"

ಅವಳು ತಿರುಗಿಯೂ ನೋಡಲಿಲ್ಲ. "ಮೆಕ್ಯಾನಿಕಲ್ ಅಂತ ಐತ್ರಿ."

"ಕಂಡಿದ್ರೂ ಚೈನು ಅಂದೆ. ಇಂಗೆ ಸೋತು ಸೋತು ನನ್ ತಲೆ ಸವರ್ತಿದ್ದೀಯಲ್ಲ, ಏನ್ ಬೇಕು ನಿಂಗೆ? ಬೀಗದಕೈಯಾ?"

ದಾನೇಶ್ವರಿ ವಾಷರುಗಳನ್ನು ಬೇರ್ಪಡಿಸುತ್ತಿದ್ದ ಕೈ ನಿಲ್ಲಿಸಿದಳು. "ಸಾವ್ಕಾರ್ರ, ಸೋತ ದಿನ ನಿಮ್ಮ ಮಾರಿ ನೀವ ನೋಡ್ಕೊಂಡೀರೇನ್ರಿ?"

"ನನ್ ಮುಖಕ್ಕೇನಾಗೈತೆ?"

"ಅವತ್ತ ನಾ ಗೆದ್ದೆನಲ್ರಿ, ಆಮ್ಯಾಲೆ ಒಬ್ಬಾಂವ ಬೇರಿಂಗ್ ಸೈಜ್ ತಪ್ಪೇತಿ, ಬದ್ಲಿ ಕೊಡ್ರಿ ಅಂತ ಬಂದ. ತಗೊಂಡೋಗೋವಾಗ ಕಣ್ಣಿರ್ಲಿಲ್ವಾ ಅಂತ ಬೈದ ಕಳಿಸಿದ್ರಿ. ಆಂವ ಮತ್ತ ಬಂದಾನೇನ್ರಿ? ನೀವ್ ಗೆದ್ದ ದಿನ ಅಂಥವ್ರಿಗೇ ಚಾ ತರಿಸ್ತೀರಿ. ಗಿರಾಕಿ ಹೋದ್ರ ಅಂಗಡಿ ಹೋತು, ಅಂಗಡಿ ಹೋದ್ರ ನನ್ನ ಕೆಲ್ಸ ಹೋತು. ಅದಕ್ಕ ಸೋಲ್ತೀನ್ರಿ. ನಿಮ್ಮ ಮ್ಯಾಲಿನ ಪ್ರೀತಿಗೇನಲ್ಲ."

ಸೊಣ್ಣಪ್ಪನಿಗೆ ಕೋಪ ಬರಬೇಕಿತ್ತು. ಬಂತು ಕೂಡ. ಆದರೆ ಅದರ ಹಿಂದೆಯೇ ಸಮಾಧಾನವೂ ಬಂತು. 'ನಿಮ್ಮನ್ನ ಕಂಡ್ರೆ ಗೌರವ' ಎಂದಿದ್ದರೆ ಅವನು ಅಂದೇ ಬೀಗದಕೈಯನ್ನು ಸೊಂಟಕ್ಕೆ ಇನ್ನೊಂದು ಗಂಟು ಹಾಕಿ ಕಟ್ಟಿಕೊಳ್ಳುತ್ತಿದ್ದ. ಇವಳು ತನ್ನ ಲಾಭ ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿದ್ದಳು. ಆ ಲಾಭ ಇದ್ದದ್ದು ಅಂಗಡಿ ತೆರೆದಿರುವುದರಲ್ಲಿ.

ಆದರೂ ಅನುಮಾನದ ಹುಳು ಅಷ್ಟು ಬೇಗ ಸಾಯುವುದಿಲ್ಲ. "ನಾಳೆ ನೆಟ್ಟಗೆ ಆಡು. ನೋಡೇ ಬಿಡಾನ," ಎಂದ.

"ಬೈಗಳಕ್ಕ ನೀವಾ ಜವಾಬ್ದಾರ್ರಿ," ಎಂದಳು ಅವಳು.

ಮರುದಿನ ಹನುಮಂತಯ್ಯ ಪಿ, ಆರ್, ಟಿ ಎಂದು ಕೂಗಿದ. ಸೊಣ್ಣಪ್ಪ 'ಪಾರ್ಟ್ಸ್' ಎನ್ನುವಷ್ಟರಲ್ಲಿ ದಾನೇಶ್ವರಿ ಬಾಗಿಲಿಗೆ ಹೋಗಿ ಎದುರಿಗೆ ನಿಂತ ಲಾರಿಗೆ ಬೆರಳು ತೋರಿಸಿದಳು. "ಟ್ರಾನ್ಸ್‌ಪೋರ್ಟ್!" ಅಷ್ಟರಲ್ಲೇ ಲಾರಿ ಹೊರಟಿತು.

"ಮಾಲೇ ಓಡೋಯ್ತಲ್ಲಮ್ಮೋ!" ಎನ್ನುತ್ತ ಹನುಮಂತಯ್ಯ ಲುಂಗಿ ಎತ್ತಿ ಹಿಂದೆ ಓಡಿದ. ತಿರುವಿನಲ್ಲಿ ಲಾರಿಯ ಮೇಲೆ ಬರೆದದ್ದನ್ನು ಓದಿಕೊಂಡು ಏದುಸಿರು ಬಿಡುತ್ತ ಬಂದ. "ಐತೆ ಗುರು. ನೀನು ಸೋತೆ. ಹೆಣ್ಣುಮಗಳ ಕೈಲಿ ಚೆನ್ನಾಗೇ ಸೋತೆ."

ಸೊಣ್ಣಪ್ಪನ ಕಿವಿ ಬಿಸಿಯಾಯಿತು. ಇಂಥ ಗಳಿಗೆಗೇ ಕಾದಿದ್ದವನಂತೆ ಒಬ್ಬ ವೆಲ್ಡರು ಬಂದು, ನಿನ್ನೆ ಕೊಂಡ ಬೋಲ್ಟಿನ ಪುಡಿಕೆಯನ್ನು ಮುಂದಿಟ್ಟ. "ಅಣ್ಣಾ, ಇದು ಗಿಡ್ಡ ಆಯ್ತು. ಉದ್ದಂದು ಕೊಡ್ತೀರಾ?"

ಸೊಣ್ಣಪ್ಪನ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು. ದಾನೇಶ್ವರಿ ಅವನನ್ನು ನೋಡಲಿಲ್ಲ, ವಾಷರುಗಳನ್ನೇ ನೋಡುತ್ತಿದ್ದಳು. ಅವನು ಎದ್ದು, ಬೈಗುಳವನ್ನು ಕಹಿ ಮಾತ್ರೆಯಂತೆ ನುಂಗಿ, ಬೋಲ್ಟು ಬದಲಾಯಿಸಿ ಕೊಟ್ಟ. ಚಾ ಮಾತ್ರ ತರಿಸಲಿಲ್ಲ. ಒಂದೇ ದಿನಕ್ಕೆ ಅಷ್ಟು ಬದಲಾಗುವುದು ಅವನಿಗೂ ಸಾಧ್ಯವಿರಲಿಲ್ಲ.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಬೀಗದಕೈಯನ್ನು ಕೌಂಟರಿನ ಮೇಲಿಟ್ಟು ಅವಳ ಕಡೆಗೆ ತಳ್ಳಿದ. "ಉದ್ರಿ ಕೇಳೋರು ಬತ್ತಾರೆ, ಕೊಡಬ್ಯಾಡ," ಎಂದ. ಅವಳು ಬೀಗದಕೈ ಎತ್ತಿಕೊಂಡು, ಬೀಗದಲ್ಲಿ ಸಲೀಸಾಗಿ ತಿರುಗುತ್ತದೆಯೇ ಎಂದು ಅವನೆದುರೇ ಪರೀಕ್ಷಿಸಿ ನೋಡಿದಳು. ಅದು ಅವನಿಗೆ ಬಹಳ ಹಿಡಿಸಿತು.

ಕಾಲು ವಾಸಿಯಾಗುವವರೆಗೆ ಅಂಗಡಿ ತೆರೆದೇ ಇತ್ತು. ಬೇರಿಂಗ್ ಬದಲಿಸಲು ಬಂದು ಬೈಸಿಕೊಂಡು ಹೋಗಿದ್ದ ಗಿರಾಕಿಯನ್ನು ಕೂಡ ದಾನೇಶ್ವರಿ ಕರೆದು ತಂದಿದ್ದಳು. ಸೊಣ್ಣಪ್ಪನ ಅಂಗಡಿಗೆ ಜನ ಇನ್ನೂ ಬರುತ್ತಿದ್ದಾರೆಂದರೆ ಅದು ದಾನೇಶ್ವರಿಯಿಂದ. ಆ ಋಣ ಅವನ ಮೇಲಿದೆ.