ಕಡೆಯುವ ಕಲ್ಲನ್ನು ಎಳೆಯುವ ಗಾಡಿ

ಅಮೆರಿಕದ ಸನ್ನಿವೇಲ್‌ನ ಇಂಡಿಯನ್ ಗ್ರೋಸರಿಯೊಂದರ ಹಿತ್ತಲಿನಲ್ಲಿ ಇನ್ನೂ ನಸುಗತ್ತಲೆ. ಅಲ್ಲಿ ನಿಂತ ಚಕ್ರಗಳ ಮೇಲಿನ ಹಳೆಯ ಟ್ರೇಲರ್ ಮನೆಯಿಂದ ಉದ್ದಿನ ವಡೆ ಕರಿಯುವ ಘಮ ಬರುತ್ತಿದೆ. ಬಾಗಿಲು ತಟ್ಟಿದರೆ ಮೊದಲು ಪರದೆ ಸರಿಯುತ್ತದೆ, ಆಮೇಲೆ ಒಂದು ಕಣ್ಣು ಕಾಣುತ್ತದೆ. "ಯಾರು? ಅಲ್ಲೇ ನಿಲ್ಲಿ ಮಾರಾಯ್ರೆ, ಹೊರಗೆ ಕೊಡ್ತೇನೆ." ಆಶಾಲತಾ ಅವರ ದಿನ ಶುರುವಾಗುವುದು ಹೀಗೆ.

ಕಟಪಾಡಿಯ ಈ ಹೆಂಗಸಿನ ವಡೆಯಿಲ್ಲದೆ ಮೆನ್ಲೋ ಪಾರ್ಕಿನ ಎಷ್ಟೋ ಆಫೀಸುಗಳ ಬೆಳಗಿನ ಮೀಟಿಂಗು ನಡೆಯುವುದಿಲ್ಲ. ಪೊಟ್ಟಣದ ಮೇಲಿರುವುದು ಮಾತ್ರ ಅಂಗಡಿಯ ಹೆಸರು. ಅಣ್ಣ ಕರೆಸಿಕೊಂಡನೆಂದು ಅಮೆರಿಕಕ್ಕೆ ಬಂದು, ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ ವರ್ಷಗಟ್ಟಲೆ ದುಡಿದರು. ಕೈರುಚಿಯ ಗುಟ್ಟನ್ನೆಲ್ಲ ಕಲಿತುಕೊಂಡ ಮಾಲೀಕ ಒಂದು ದಿನ ನಾಳೆಯಿಂದ ಬರಬೇಡಿ ಎಂದ. "ಎಲ್ಲ ಕದ್ದ. ಕಲ್ಲೊಂದು ಉಳೀತು," ಎನ್ನುತ್ತಾರೆ. ಊರಿನಿಂದ ಹಡಗಿನಲ್ಲಿ ತರಿಸಿದ ಕಡೆಯುವ ಕಲ್ಲು ಅದು. ಹಿಟ್ಟು ರುಬ್ಬುವುದು ಅದರಲ್ಲಿಯೇ ಎಂಬುದು ಯಾರಿಗೂ ಗೊತ್ತಾಗಬಾರದು. ಅಂದಿನಿಂದ ಅವರು ಯಾರನ್ನೂ ನಂಬಿಲ್ಲ.

ಈಗ ಹಿತ್ತಲನ್ನು ಡಾಟ್ ಕಾಮ್ ಕಂಪನಿಯೊಂದು ಕೊಂಡಿದೆ. ತಿಂಗಳೊಳಗೆ ಟ್ರೇಲರ್ ಅಲ್ಲಿಂದ ಏಳಬೇಕು. ಅಪಾರ್ಟ್‌ಮೆಂಟಿನ ಬಾಡಿಗೆಯ ಮಾತನ್ನು ಎತ್ತುವಂತೆಯೇ ಇಲ್ಲ. ಲಿವರ್‌ಮೋರಿನ ದೇವಸ್ಥಾನದ ಹತ್ತಿರ ಜಾಗ ಸಿಕ್ಕಿದೆ, ಆದರೆ ನಡುವೆ ಸುನೋಲ್ ಎಂಬ ಕಡಿದಾದ ಗುಡ್ಡದ ಏರು. ದಾರಿಯಲ್ಲಿ ಟ್ರೇಲರ್ ಮಗುಚಿದರೆ ಮನೆಯೂ ಹೋಯಿತು, ಅನ್ನವೂ ಹೋಯಿತು. ಬಾಡಿಗೆ ಡ್ರೈವರನಿಂದ ಎಳೆಸಬಹುದಲ್ಲ ಎಂದರೆ ಹುಬ್ಬು ಗಂಟಾಗುತ್ತದೆ. "ಅವನು ದಾರಿಯಲ್ಲಿ ನಿಲ್ಲಿಸಿ ಬೀಗ ಒಡೆದ್ರೆ? ನಾಳೆ ಅಲ್ಲಿಂದಲೂ ಏಳಿ ಅಂದ್ರೆ? ನನ್ನದೇ ಗಾಡಿ ಬೇಕು. ಹಳತಾದ್ರೂ ಅಡ್ಡಿಯಿಲ್ಲ."

ಕೈಗೆಟುಕುವ ಬೆಲೆಗೆ ಮಾರಾಟಕ್ಕಿರುವ ಗಾಡಿಗಳು ಎರಡೇ. ಮೊದಲನೆಯದು ವಡೆಯ ಗಿರಾಕಿ, ಎಂಜಿನಿಯರ್ ಅನೀಶನ ಪುಟ್ಟ ಜೀಪು. ಕನ್ನಡಿಯ ಹಾಗೆ ಹೊಳೆಯುತ್ತದೆ. "ಟ್ರೇಲರು ಖಾಲಿ ತಾನೇ ಆಂಟಿ? ಈಸಿಯಾಗಿ ಎಳೆಯುತ್ತೆ," ಎನ್ನುತ್ತಾನೆ ಅವನು. ಎರಡನೆಯದು ಬಣ್ಣ ಎದ್ದುಹೋದ ದೊಡ್ಡ ವ್ಯಾನು. ಅದನ್ನು ತೋರಿಸಿದವರು ಅಂಗಡಿಗೆ ಸಾಮಾನು ತರುವ ಡ್ರೈವರ್, ರಾಣೆಬೆನ್ನೂರಿನ ಬಸವಂತಪ್ಪ.

"ಅಕ್ಕಾರ, ಒಳಗ ಏನೇನು ಐತಿ ಹೇಳ್ರಿ. ಭಾರ ಗೊತ್ತಾಗ್ಬೇಕು."

"ನಾಲ್ಕು ಪಾತ್ರೆ, ಒಂದು ಚಾಪೆ."

ಆಶಾಲತಾ ಅವರಿಗೆ ಅಲ್ಲೇ ಅನುಮಾನ. ಇವನಿಗ್ಯಾಕೆ ನನ್ನ ಮನೆಯ ಒಳಗಿನ ಸುದ್ದಿ? ವ್ಯಾನು ಮಾರಿಸಿದರೆ ಇವನಿಗೇನೋ ಸಿಗುತ್ತದೆ, ಇಲ್ಲದಿದ್ದರೆ ಇಷ್ಟು ಕಾಳಜಿ ಯಾಕೆ? ಆ ಸಂಜೆಯೇ ಅವರು ಕಲ್ಲು, ಉದ್ದಿನ ಚೀಲ, ಎಣ್ಣೆಯ ಡಬ್ಬ ಎಲ್ಲವನ್ನೂ ಕಷ್ಟಪಟ್ಟು ಹಿಂದಕ್ಕೆ ತಳ್ಳಿ, ಮಂಚದಡಿ ಸೇರಿಸಿ, ಮೇಲೆ ಕಂಬಳಿ ಎಳೆಯುತ್ತಾರೆ.

ಮರುದಿನ ಜೀಪಿಗೆ ಟ್ರೇಲರ್ ಕಟ್ಟಿ ಪರೀಕ್ಷೆ. ಓಡಿಸುವವರು ಬಸವಂತಪ್ಪ. ರಸ್ತೆ ತುಸು ಇಳಿಜಾರಾದದ್ದೇ ತಡ, ಟ್ರೇಲರ್ ಎಡಕ್ಕೂ ಬಲಕ್ಕೂ ಬಾಲ ಬೀಸತೊಡಗಿ ಜೀಪನ್ನೇ ಎಳೆದಾಡುತ್ತದೆ. ಪಕ್ಕದಲ್ಲಿ ಕುಳಿತ ಆಶಾಲತಾ ಕಣ್ಣುಮುಚ್ಚಿ ಕೃಷ್ಣನನ್ನು ಕರೆಯುತ್ತಾರೆ. ಬಸವಂತಪ್ಪ ಹೇಗೋ ವೇಗ ಇಳಿಸಿ ಬದಿಗೆ ನಿಲ್ಲಿಸುತ್ತಾರೆ.

"ಹಿಂದ ಏನೋ ಮುಚ್ಚಿಟ್ಟೀರಿ ಅಕ್ಕಾರ. ಭಾರ ಎಲ್ಲಾ ಬಾಲಕ್ಕ ಬಿದ್ದೈತಿ. ಏರಿನ ಮ್ಯಾಗ ಹಿಂಗಾಗಿದ್ರ ಇಬ್ರೂ ಉಳೀತಿರ್ಲಿಲ್ಲ."

ಆಶಾಲತಾ ಇಳಿದು ಟ್ರೇಲರಿನ ಬೀಗ ತೆಗೆದು ಬಾಗಿಲು ತೆರೆಯುತ್ತಾರೆ. ಕಂಬಳಿ ಸರಿಸಿ ನೋಡಿದ ಬಸವಂತಪ್ಪ ನಗುವುದಿಲ್ಲ. ಇಬ್ಬರೂ ಸೇರಿ ಕಲ್ಲನ್ನು ಚಕ್ರಗಳ ತುಸು ಮುಂದಕ್ಕೆ ಸರಿಸಿ ಕಟ್ಟುತ್ತಾರೆ. ಇಷ್ಟು ಭಾರಕ್ಕೆ ಜೀಪು ಸಾಲದು, ವ್ಯಾನೇ ಆಗಬೇಕು ಎನ್ನುತ್ತಾರೆ ಬಸವಂತಪ್ಪ.

"ಆ ವ್ಯಾನು ಯಾರದ್ದು?"

ಬಸವಂತಪ್ಪ ತಲೆ ತುರಿಸಿಕೊಳ್ಳುತ್ತಾರೆ. "ನಂದ ರೀ."

"ನಾನು ಎಣಿಸಿದ್ದೇ ಆಯ್ತು ನೋಡಿ!"

"ಮೊದಲ ಹೇಳಿದ್ರ ತಗೋತಿದ್ರೇನು?"

"ಇಲ್ಲ."

"ಮತ್ತ? ನೀವು ಕಲ್ಲು ಮುಚ್ಚಿಟ್ರಿ, ನಾ ನನ್ನ ಹೆಸರು ಮುಚ್ಚಿಟ್ಟೆ."

ಆಶಾಲತಾ ಒಪ್ಪುತ್ತಾರೆ, ಷರತ್ತಿನ ಮೇಲೆ. "ಸುನೋಲ್ ಏರು ನೀವೇ ದಾಟಿಸ್ಬೇಕು. ಬ್ರೇಕು ಸರಿ ಇಲ್ಲದಿದ್ರೆ ನೀವೂ ನನ್ನೊಟ್ಟಿಗೆ ಬೀಳ್ಬೇಕಲ್ಲ!"

ಏರಿನಲ್ಲಿ ವ್ಯಾನು ಏದುಸಿರು ಬಿಡುತ್ತದೆ, ನಿಲ್ಲುವುದಿಲ್ಲ. ಇಳಿಜಾರಿನಲ್ಲಿ ಟ್ರೇಲರ್ ಒಮ್ಮೆಯೂ ಬಾಲ ಬೀಸುವುದಿಲ್ಲ. ದಾರಿಯುದ್ದಕ್ಕೂ ಆಶಾಲತಾ ಕಲ್ಲಿನ ಗುಂಡನ್ನು ಮಡಿಲಲ್ಲಿ ಇಟ್ಟುಕೊಂಡೇ ಕುಳಿತಿದ್ದಾರೆ. ಪೂರ್ತಿ ನಂಬಿಕೆ ಅವರಿಗೆ ಇನ್ನೂ ಬಂದಿಲ್ಲ.

ಲಿವರ್‌ಮೋರಿನಲ್ಲಿ ಮರುದಿನ ಬೆಳಗಾಗುತ್ತಿದೆ. ವ್ಯಾನಿನ ಹಿಂದೆ ಟ್ರೇಲರ್ ನೆಟ್ಟಗೆ ನಿಂತಿದೆ. "ಗಾಡಿ ಚಂದ ಇಲ್ಲ, ಗೊತ್ತುಂಟು. ಆದ್ರೆ ನನ್ನ ಕಲ್ಲನ್ನು ಎಳೀತದೆ," ಎನ್ನುತ್ತಾರೆ ಆಶಾಲತಾ. ಸಾಮಾನು ಇಳಿಸಲು ಬಂದ ಬಸವಂತಪ್ಪ ಅಭ್ಯಾಸದಂತೆ ಹೊರಗೇ ನಿಲ್ಲುತ್ತಾರೆ. ಇಂದು ಪರದೆ ಸರಿಯುವುದಿಲ್ಲ, ಬಾಗಿಲೇ ತೆರೆಯುತ್ತದೆ.

"ಒಳಗೆ ಬನ್ನಿ, ಬಿಸಿ ವಡೆ ತಿನ್ನಿ," ಎಂದು ಕರೆದವರು ಹಿಟ್ಟಿನ ಪಾತ್ರೆಯತ್ತ ತಿರುಗಿ ಉಪ್ಪಿನ ಡಬ್ಬ ಎತ್ತಿಕೊಳ್ಳುತ್ತಾರೆ. "ಆದ್ರೆ ನಾನು ಉಪ್ಪು ಹಾಕುವಾಗ ಸ್ವಲ್ಪ ಆಚೆ ನೋಡಿ, ಆಯ್ತಾ?"